ತಗಡಿನ ದಪ್ಪವೂ ಹೆಡ್‌ಲೈಟಿನ ಬೆಲೆಯೂ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಪತ್ರಗಳ ಅಂಕಣದಲ್ಲಿ ಹಿರಿಯರೊಬ್ಬರು, ಹೆದ್ದಾರಿಯಲ್ಲಿ ನುಜ್ಜುಗುಜ್ಜಾಗಿ ನಿಂತಿದ್ದ ಹೊಸ ಕಾರೊಂದರ ಚಿತ್ರ ನೋಡಿ ನೊಂದು, ಈಗಿನ ಕಾರುಗಳೆಲ್ಲ ಬಣ್ಣ ಬಳಿದ ತಗಡಿನ ಡಬ್ಬಗಳಷ್ಟೇ, ಅದೇ ಜಾಗದಲ್ಲಿ ನಮ್ಮ ಕಾಲದ ಅಂಬಾಸಿಡರ್ ಇದ್ದಿದ್ದರೆ ಬಂಪರ್ ಸೊಟ್ಟಗಾಗುವುದರಲ್ಲಿ ಮುಗಿಯುತ್ತಿತ್ತು ಎಂದು ಬರೆದಿದ್ದರು. ಈ ಮಾತನ್ನು ನಾನು ಕ್ಷೌರದಂಗಡಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಕೊನೆಗೆ ಮೂವತ್ತು ವರ್ಷ ಆಟೊಮೊಬೈಲ್ ಪಾಠ ಮಾಡಿದ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿಯೂ ಕೇಳಿದ್ದೇನೆ. ಕಾರು ಇಲ್ಲದವರಿಗೂ ಕಾರಿನ ಬಗ್ಗೆ ಒಂದು ಅಭಿಪ್ರಾಯ ಇದ್ದೇ ಇರುತ್ತದೆ, ಇರಲಿ. ಆದರೆ ‘ಗಟ್ಟಿ’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಡಿಕ್ಕಿಯಾದಾಗ ಒಳಗೆ ಕುಳಿತವರು ಉಳಿಯುತ್ತಾರೆಯೇ ಎನ್ನುವುದು ಒಂದು. ಗಾಡಿ ಹತ್ತು ಕಾಲ ಓಡೀತೇ, ಕೆಟ್ಟರೆ ರಿಪೇರಿಯಾದೀತೇ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಆ ಹಿರಿಯರ ಮಾತು ಪೂರ್ತಿ ತಪ್ಪು. ಎರಡನೆಯದರಲ್ಲಿ ಅರ್ಧ ಸರಿ, ಮತ್ತು ಆ ಅರ್ಧದ ಬಗ್ಗೆ ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಕಾರು ಕೊಳ್ಳಲು ಹೋದವರು ಮಾಡುವ ಪರೀಕ್ಷೆಯನ್ನು ಗಮನಿಸಿ. ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ಸದ್ದು ಕೇಳುತ್ತಾರೆ. ‘ಧಪ್’ ಎಂದರೆ ತಲೆಯಾಡಿಸುತ್ತಾರೆ, ‘ಟಣ್’ ಎಂದರೆ ಮುಖ ಸಿಂಡರಿಸುತ್ತಾರೆ. ಆಮೇಲೆ ಬಾನೆಟ್ಟಿನ ಮೇಲೆ ಹೆಬ್ಬೆರಳೊತ್ತಿ ಅದು ಒಳಗೆ ಹೋಗುತ್ತದೆಯೇ ಎಂದು ನೋಡುತ್ತಾರೆ. ಬಾಗಿಲಿನ ಆ ಸದ್ದನ್ನು ರಬ್ಬರು, ಬೀಗದ ಜೋಡಣೆ ಮತ್ತು ಒಳಗೆ ಅಂಟಿಸುವ ಹಾಳೆಗಳಿಂದ ಬೇಕಾದಂತೆ ಕೂರಿಸಲು ಕಂಪನಿಗಳಲ್ಲಿ ಪ್ರತ್ಯೇಕ ಎಂಜಿನಿಯರುಗಳೇ ಇರುತ್ತಾರೆ. ಬಾನೆಟ್ಟಿನ ಹೊರತಗಡು ಮುಕ್ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿದ್ದು ಬೆರಳಿಗೆ ಬಗ್ಗುವುದು ನಿಜವೇ. ಆದರೆ ಕಾರಿಗೆ ಅಡ್ಡ ಬಂದ ಪಾದಚಾರಿಯ ತಲೆ ಬಡಿಯುವುದು ಅದಕ್ಕೇ ಆದ್ದರಿಂದ ಅದು ಮೆತ್ತಗಿರುವುದೇ ಕ್ಷೇಮ. ನಮ್ಮನ್ನು ಕಾಯುವ ಉಕ್ಕು ಬೆರಳಿಗೆ ಸಿಗುವ ಜಾಗದಲ್ಲಿ ಇಲ್ಲ. ಅದು ಮುಂದಿನ ಗಾಜಿನ ಎರಡು ಪಕ್ಕದ ಕಂಬಗಳಲ್ಲಿ, ಬಾಗಿಲಿನೊಳಗಿನ ಅಡ್ಡಪಟ್ಟಿಯಲ್ಲಿ, ಕಾಲಡಿಯ ತೊಲೆಗಳಲ್ಲಿ ಬಣ್ಣದ ಹಿಂದೆ ಅಡಗಿರುತ್ತದೆ. ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತುತ್ತಲೇ ತಣಿಸಿ ಮಾಡುವ ಈ ಬೋರಾನ್ ಉಕ್ಕಿನ ಕರ್ಷಣ ಬಲ, ಎಂದರೆ ಹರಿಯದೆ ಎಳೆತ ತಾಳುವ ಶಕ್ತಿ, 1500 ಮೆಗಾಪ್ಯಾಸ್ಕಲ್‌ನಷ್ಟಿದ್ದು, ಹಳೆಯ ಕಾರುಗಳಲ್ಲಿ ಬಳಸುತ್ತಿದ್ದ ಮೆತು ಉಕ್ಕಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವ ರಕ್ಷಣಾ ಸಿಬ್ಬಂದಿಯ ಹಳೆಯ ಕತ್ತರಿ ಯಂತ್ರಗಳು ಹಲವೆಡೆ ಈ ಕಂಬಗಳ ಮುಂದೆ ಸೋತು, ಹೊಸವನ್ನು ತರಿಸಬೇಕಾಯಿತು.

ಇನ್ನು ಮುಂಭಾಗ ನುಜ್ಜುಗುಜ್ಜಾಗುವ ಸಂಗತಿ. ಹೆಂಚಿನ ಮನೆ ಕಟ್ಟುವಾಗ ಲಾರಿಯಿಂದ ಮಾಡಿನವರೆಗೆ ಆಳುಗಳು ಸಾಲಾಗಿ ನಿಂತು ಮಂಗಳೂರು ಹೆಂಚನ್ನು ಕೈಯಿಂದ ಕೈಗೆ ಎಸೆಯುವುದನ್ನು ನೋಡಿದವರು, ಹಿಡಿಯುವವನ ಕೈ ಹೆಂಚಿನ ಜೊತೆಗೇ ಒಂದು ಮೊಳ ಹಿಂದಕ್ಕೆ ಹೋಗುವುದನ್ನೂ ನೋಡಿರುತ್ತಾರೆ. ಕೈಯನ್ನು ಬಿಗಿಹಿಡಿದು ನಿಂತರೆ ಹೆಂಚೂ ಒಡೆಯುತ್ತದೆ, ಅಂಗೈಯೂ ಸೀಳುತ್ತದೆ. ಕಾರಿನಲ್ಲಿ ಆ ಹೆಂಚು ನಾವೇ. ಗಂಟೆಗೆ 56 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ 12 ಮೀಟರ್ ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದ ತಾರಸಿಯಿಂದ, ನೆಲಕ್ಕೆ ಬಿದ್ದಂತೆ. ಕಾರಿನ ಮೂತಿ 60 ಸೆಂಟಿಮೀಟರಿನಷ್ಟು ಮುದುಡಿಕೊಂಡು ಆ ವೇಗವನ್ನು ನುಂಗಿದರೆ 60 ಕಿಲೊ ತೂಕದ ಮನುಷ್ಯನ ಮೈಮೇಲೆ ಬೀಳುವ ಸರಾಸರಿ ಬಲ ಸುಮಾರು ಒಂದೂಕಾಲು ಟನ್ ಭಾರದಷ್ಟು. ಮೂತಿ ‘ಗಟ್ಟಿ’ಯಾಗಿದ್ದು 15 ಸೆಂಟಿಮೀಟರಿಗೇ ನಿಂತರೆ ಅದೇ ಮನುಷ್ಯನ ಮೇಲೆ ಸುಮಾರು ಐದು ಟನ್. ಮೊದಲನೆಯದನ್ನು ಬೆಲ್ಟ್ ಹಾಕಿದ ಆರೋಗ್ಯವಂತ ದೇಹ ಕ್ಷಣಕಾಲ ತಾಳಬಲ್ಲದು. ಎರಡನೆಯದಕ್ಕೆ ಪಕ್ಕೆಲುಬುಗಳ ಉತ್ತರ ಏನೆಂದು ಬರೆಯುವುದು ಬೇಡ. ಆ ಚಿತ್ರದಲ್ಲಿದ್ದ ಕಾರು ಸೋತು ಮುದುಡಿದ್ದಲ್ಲ, ಮುದುಡುವುದೇ ಅದಕ್ಕೆ ವಹಿಸಿದ್ದ ಕೆಲಸ. ನೋಡಬೇಕಾದದ್ದು ಬಾನೆಟ್ಟನ್ನಲ್ಲ, ಬಾಗಿಲುಗಳ ಚೌಕಟ್ಟು ಸೊಟ್ಟಗಾಗಿದೆಯೇ ಎಂಬುದನ್ನು.

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಮರ್ಸಿಡಿಸ್ ಬೆಂಜ್ ಕಂಪನಿಯಲ್ಲಿದ್ದ ಬೇಲಾ ಬರೇನಿ ಎಂಬ ಎಂಜಿನಿಯರು, ಜನ ಕೂರುವ ನಡುವಿನ ಗೂಡು ಮಾತ್ರ ಬಿಗಿಯಾಗಿದ್ದು ಹಿಂದೆ ಮುಂದೆ ಮುದುಡಿಕೊಳ್ಳಲೆಂದೇ ಬಿಟ್ಟ ಜಾಗವಿರುವ ಕಾರಿನ ಕಲ್ಪನೆಗೆ 1950ರ ದಶಕದ ಮೊದಲಲ್ಲೇ ಪೇಟೆಂಟ್ ಪಡೆದಿದ್ದರು. 1959ರಲ್ಲಿ ಅಂಥ ಕಾರು ರಸ್ತೆಗೆ ಬಂತು. ಅದೇ ವರ್ಷ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಈಗ ನಾವೆಲ್ಲ ಬಳಸುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಕೊಟ್ಟರು. ಕಂಪನಿ ಅದರ ಪೇಟೆಂಟನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿತು. ಹಳತು ಹೊಸತರ ಜಗಳವನ್ನು ಒರೆಗೆ ಹಚ್ಚಿಯೂ ಆಗಿದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯವರು ತಮ್ಮ ಐವತ್ತನೆಯ ವರ್ಷದ ನೆಪದಲ್ಲಿ, 2009ರಲ್ಲಿ, 1959ರ ಷೆವರ್ಲೆ ಬೆಲ್ ಏರ್ ಕಾರನ್ನು ಅದೇ ಕಂಪನಿಯ 2009ರ ಮಾಲಿಬು ಕಾರಿಗೆ ಎದುರುಬದುರಾಗಿ, ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಗುದ್ದಿಸಿದರು. ಮಾಲಿಬುವಿನ ಮೂತಿ ಚಿಂದಿಯಾಯಿತು, ಒಳಗಿನ ಗೂಡು ಹಾಗೆಯೇ ನಿಂತಿತು, ಚಾಲಕನ ಗೊಂಬೆಗೆ ಕಾಲಿಗೆ ಪೆಟ್ಟು. ದಪ್ಪ ತಗಡಿನ ಬೆಲ್ ಏರ್‌ನಲ್ಲಿ ಚಾಲಕನ ಗೂಡೇ ಕುಸಿದು, ಸ್ಟೀರಿಂಗ್ ಎದೆಯ ಕಡೆಗೆ ನುಗ್ಗಿ ಬಂತು. ಜೀವವಿದ್ದ ಮನುಷ್ಯನಾಗಿದ್ದರೆ ಉಳಿಯುತ್ತಿರಲಿಲ್ಲ.

1950ರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲೇ 2014ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್‌ನ ಬಗ್ಗೆ ನನಗೂ ಪ್ರೀತಿಯಿದೆ. ಹಿಂದಿನ ಸೀಟಿನಲ್ಲಿ ಐದು ಜನ, ಅವರ ತೊಡೆಯ ಮೇಲೆ ಮೂರು ಮಕ್ಕಳು ಕುಳಿತು ಮದುವೆಗೆ ಹೋದ ನೆನಪು ನಮ್ಮ ಮನೆಯಲ್ಲೂ ಇದೆ. ನಡೆದಾಡುವ ವೇಗದಲ್ಲಿ ಕಾಂಪೌಂಡ್ ಗೋಡೆಗೆ ತಾಗಿದರೆ ಗೋಡೆಯ ಗಾರೆಯೇ ಉದುರುತ್ತಿತ್ತು, ಅದೂ ಸರಿ. ಗೋಡೆಗೆ ತಾಗುವುದು ಬೇರೆ, ಎದುರಿಗೆ ಬರುವ ಲಾರಿಗೆ ಗುದ್ದುವುದು ಬೇರೆ. ಎರಡನೆಯ ಸಂದರ್ಭದಲ್ಲಿ ಹಳೆಯ ಕಾರುಗಳ ಅಖಂಡ ಸ್ಟೀರಿಂಗ್ ಕಂಬಿ ಭರ್ಜಿಯಂತೆ ಕೆಲಸ ಮಾಡುತ್ತಿತ್ತು. ಗಾಡಿಯನ್ನು ತಂತಿಕಟ್ಟಿ ಎಳೆದುಕೊಂಡು ಬಂದು, ಬಡಿದು ನೇರ ಮಾಡಿ ಮತ್ತೆ ಓಡಿಸುತ್ತಿದ್ದರು, ಆದ್ದರಿಂದ ಗಾಡಿ ಗಟ್ಟಿ ಎಂಬ ಹೆಸರು ಉಳಿಯಿತು. ಓಡಿಸುತ್ತಿದ್ದವನ ಸಾಕ್ಷ್ಯ ಕೇಳುವ ಹಾಗಿರಲಿಲ್ಲ.

ಹೊಸದೆಲ್ಲ ಕ್ಷೇಮ ಎಂದು ನಾನು ಹೇಳುತ್ತಿಲ್ಲ. 2014ರ ಜನವರಿಯಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂತು. ಅವುಗಳಲ್ಲಿ ಫೋಕ್ಸ್‌ವ್ಯಾಗನ್ ಪೋಲೊದ ಗೂಡು ಗಟ್ಟಿಯಾಗಿಯೇ ನಿಂತಿತ್ತು. ಏರ್‌ಬ್ಯಾಗ್ ಇಲ್ಲದ್ದರಿಂದ ಅಂಕ ಬರಲಿಲ್ಲ. ಗೂಡು, ಬೆಲ್ಟ್, ಏರ್‌ಬ್ಯಾಗ್ ಮೂರೂ ಒಟ್ಟಿಗೆ ದುಡಿದರೆ ಮಾತ್ರ ಲೆಕ್ಕ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ಸಿಕ್ಕಿರಲಿಲ್ಲ. ಆ ಆಘಾತದ ನಂತರ ನಿಯಮಗಳು ಬಿಗಿಯಾದವು, 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು, 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ಇಷ್ಟಾದರೂ ಶೋರೂಮಿನಿಂದ ಹೊರಬಿದ್ದ ಕಾರು ಮೊದಲು ಹೋಗುವುದು ಕಬ್ಬಿಣದ ಬಂಪರ್ ಗಾರ್ಡ್ ಕೂರಿಸುವ ಅಂಗಡಿಗೆ. ಮುದುಡಬೇಕಾದ ಮೂತಿಗೆ ಮುದುಡದ ಕಂಬಿ ಕಟ್ಟಿ, ಪೆಟ್ಟನ್ನು ನೇರವಾಗಿ ಚಾಸಿಗೆ ಮುಟ್ಟಿಸುವ, ಏರ್‌ಬ್ಯಾಗಿನ ಲೆಕ್ಕವನ್ನೂ ತಪ್ಪಿಸಬಹುದಾದ ಈ ಅಲಂಕಾರವನ್ನು ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಬೆಲ್ಟ್ ಹಾಕದೆಯೇ ಬೀಪ್ ಸದ್ದು ನಿಲ್ಲಿಸಲು ಖಾಲಿ ಕೊಂಡಿಯೊಂದನ್ನು ಸಿಕ್ಕಿಸಿ ಓಡಿಸುವ ವಿದ್ಯಾವಂತರನ್ನು ಕಂಡಾಗ, ಇವರಿಗೆ ಭೌತಶಾಸ್ತ್ರ ಯಾರು ಕಲಿಸಿದರೋ ಎನಿಸುತ್ತದೆ. ನಾನೇ ಇರಬಹುದು.

ಈಗ ಎರಡನೆಯ ಪ್ರಶ್ನೆ: ಬಾಳಿಕೆ ಮತ್ತು ರಿಪೇರಿ. ಬಾಳಿಕೆಯಲ್ಲಿಯೂ ಹೊಸ ಎಂಜಿನ್ನೇ ಮೇಲು ಎಂದರೆ ಹಳಬರು ಒಪ್ಪುವುದಿಲ್ಲ. ಅವರಿಗೆ ಒಂದು ಸಣ್ಣ ಸಾಕ್ಷಿ ಸಾಕು. ಹಲವು ಹಳೆಯ ಕಾರುಗಳ ಕಿಲೊಮೀಟರ್ ಮೀಟರಿನಲ್ಲಿ ಐದೇ ಅಂಕಿಗಳಿದ್ದವು. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಅಷ್ಟು ಓಡುವುದೇ ದೊಡ್ಡ ಮಾತು ಎಂದು ತಯಾರಿಸಿದವರೇ ತಿಳಿದಿದ್ದರು. ಅಷ್ಟರೊಳಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ಕಾರ್ಬನ್ ಕೆರೆಯುವುದು, ವಾಲ್ವ್ ಉಜ್ಜುವುದು, ಹೊಗೆ ಹೆಚ್ಚಾದರೆ ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವುದು ಮಾಮೂಲು ಖರ್ಚಾಗಿತ್ತು. ಈಗ ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ ಸಾಧಾರಣ ಪೆಟ್ರೋಲ್ ಎಂಜಿನ್, ಒಮ್ಮೆಯೂ ಹೆಡ್ ಬಿಚ್ಚದೆ ಎರಡು ಲಕ್ಷ ಕಿ.ಮೀ. ದಾಟಿದರೆ ಯಾರೂ ಅದನ್ನು ಸುದ್ದಿ ಮಾಡುವುದಿಲ್ಲ. ಹೊಗೆಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಕ್ಷಣಕ್ಷಣಕ್ಕೂ ಮೂಸಿ ನೋಡಿ ಹೇಳುತ್ತದೆ, ಕಂಪ್ಯೂಟರು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಹದವನ್ನು ಕಾಯುತ್ತದೆ. ಹದ ತಪ್ಪಿ ಪೆಟ್ರೋಲ್ ಹೆಚ್ಚಾಗಿ, ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಹೋಗಿ ಸವೆಯುತ್ತಿದ್ದ ಕಾರ್ಬುರೇಟರ್ ಕಾಲದ ಆಯುಸ್ಸು ಇದರ ಮುಂದೆ ನಿಲ್ಲುವುದಿಲ್ಲ.

ಆದರೆ ಆ ಹಳೆಯ ಎಂಜಿನ್ ಎಲ್ಲಿ ನಿಂತರೂ ಅಲ್ಲೇ ಏಳುತ್ತಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಧರ್ಮಸ್ಥಳದಿಂದ ಹಾಸನಕ್ಕೆ ಹಿಂತಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಎಂಜಿನ್ನಿನ ಕಾವಿಗೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಗಿತ್ತು. ಪಂಪಿಗೆ ದ್ರವ ಎಳೆಯಲು ಬರುತ್ತದೆ, ಆವಿ ಎಳೆಯಲು ಬರುವುದಿಲ್ಲ. ಬಾನೆಟ್ ಎತ್ತಿ, ರಸ್ತೆ ಪಕ್ಕದ ಝರಿಯಲ್ಲಿ ಟವೆಲ್ ಅದ್ದಿ ತಂದು ಪಂಪಿಗೆ ಸುತ್ತಿದೆ. ಟವೆಲ್ಲಿನಿಂದ ಹಬೆ ಎದ್ದಿತು, ಮಗಳು ಕಾರು ಬೆಂದುಹೋಯಿತೆಂದು ಅಳತೊಡಗಿದಳು. ಇನ್ನೆರಡು ಸಲ ನೀರು ಹಾಕಿ, ಪಂಪಿನ ಅಡಿಯ ಸಣ್ಣ ಹಿಡಿಯನ್ನು ಕೈಯಿಂದ ನಾಲ್ಕಾರು ಬಾರಿ ಒತ್ತಿದ ಮೇಲೆ ಗಾಡಿ ಹೊರಟಿತು. ಪ್ಲಗ್ಗಿನ ಕಿಡಿಗಾಗಿ ಕೂಡಿ ಬಿಡುವ ಲೋಹದ ತುದಿಗಳಾದ ಪಾಯಿಂಟ್ ಕಪ್ಪಾದರೆ ಉಪ್ಪುಕಾಗದದಿಂದ ಉಜ್ಜುತ್ತಿದ್ದೆವು, ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ಮಡಚಿ ಗ್ಯಾಪ್ ಇಡುತ್ತಿದ್ದೆವು. ಇದರಲ್ಲಿ ಹೆಮ್ಮೆಪಡುವಂಥದ್ದು ಅಷ್ಟೇನಿಲ್ಲ. ಪದೇಪದೇ ಕೆಡುತ್ತಿದ್ದುದರಿಂದಲೇ ನಮಗೆ ರಿಪೇರಿ ಬರುತ್ತಿತ್ತು. ಆದರೂ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು, ಬೆಲೆ ಜೇಬಿಗೆ ಹೊಂದುತ್ತಿತ್ತು.

ಕಳೆದ ಮಳೆಗಾಲದಲ್ಲಿ ಮಗನ ಕಾರಿನ ಎಡಗಡೆಯ ಹೆಡ್‌ಲೈಟಿನೊಳಗೆ ನೀರಿನ ಹನಿಗಳು ಕಾಣಿಸಿದವು. ಎರಡು ವಾರದಲ್ಲಿ ಅದು ಉರಿಯುವುದನ್ನೇ ನಿಲ್ಲಿಸಿತು. ಆರು ವರ್ಷದ ಗಾಡಿ, ವಾರಂಟಿ ಮುಗಿದಿತ್ತು. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದರೆ, ಎಲ್‌ಇಡಿಯನ್ನು ಬಿಡಿಯಾಗಿ ಕೊಡುವುದಿಲ್ಲ, ಇಡೀ ಅಸೆಂಬ್ಲಿ ಬದಲಿಸಬೇಕು, ಬಂಪರ್ ಬಿಚ್ಚುವ ಕೂಲಿ ಬೇರೆ ಎಂದು ಇಪ್ಪತ್ತೆಂಟು ಸಾವಿರ ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ಪದ್ಮಿನಿಯ ಬಲ್ಬನ್ನು ನಾನು ಬೀದಿದೀಪದ ಕೆಳಗೆ ಹತ್ತು ನಿಮಿಷದಲ್ಲಿ ಬದಲಿಸುತ್ತಿದ್ದೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಒಯ್ದೆವು. ಅವನು ದೀಪವನ್ನು ಕಳಚಿ, ಗಾಜಿನ ಅಂಚಿನ ಅಂಟನ್ನು ಹಾಟ್ ಏರ್ ಗನ್ನಿನಿಂದ ಮೆತ್ತಗೆ ಕಾಯಿಸುತ್ತಾ, ತೆಳ್ಳನೆಯ ಪಟ್ಟಿಯೊಂದನ್ನು ತೂರಿಸಿ ಅಂಗುಲ ಅಂಗುಲವಾಗಿ ಬಿಡಿಸಿದ. ಒಳಗೆ ಮುರಿದದ್ದು, ಸುಟ್ಟದ್ದು ಏನೂ ಇರಲಿಲ್ಲ. ಹಿಂಬದಿಯ ರಬ್ಬರ್ ಮುಚ್ಚಳವೊಂದು ಬಿರಿದು, ನೀರು ಇಳಿದು, ಕನೆಕ್ಟರಿನ ಎರಡು ಪಿನ್ನುಗಳು ಹಸಿರು ಹಿಡಿದಿದ್ದವು. ಅವನ್ನು ಉಜ್ಜಿ, ರಬ್ಬರ್ ಬದಲಿಸಿ, ಹೊಸ ಅಂಟು ಹಾಕಿ ಕೂರಿಸಿದ. ಒಂಬೈನೂರು ರೂಪಾಯಿ ತೆಗೆದುಕೊಂಡ, ಅದರಲ್ಲಿಯೂ ನೂರು ವಾಪಸು ಕೊಡಲು ಬಂದ. ಆ ದೀಪ ಈಗಲೂ ಉರಿಯುತ್ತಿದೆ. ಇಪ್ಪತ್ತೆಂಟು ಸಾವಿರಕ್ಕೂ ಒಂಬೈನೂರಕ್ಕೂ ನಡುವಿನ ಅಂತರಕ್ಕೆ ಯಾವ ಎಂಜಿನಿಯರಿಂಗ್ ಕಾರಣವೂ ಇಲ್ಲ. ಬಿಚ್ಚಿ ಜೋಡಿಸುವಂತೆ ಮಾಡಬಹುದಾಗಿದ್ದನ್ನು ಅಂಟಿಸಿ ಮುಚ್ಚಿದ್ದಾರೆ, ಅಷ್ಟೆ.

ಅದೇ ಹುಡುಗನ ಇನ್ನೊಂದು ಸಂಕಟ ಸ್ಕ್ಯಾನರಿನದು. ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಾಧಾರಣ ಬೆಲೆಯ ಸ್ಕ್ಯಾನರ್ ಚುಚ್ಚಿದರೆ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಯಾವ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂಬುದು ಕೋಡಿನ ರೂಪದಲ್ಲಿ ಬರುತ್ತದೆ. ಕಿವಿಯಿಂದ ಕೇಳಿ ಊಹಿಸುತ್ತಿದ್ದ ನಮ್ಮ ಕಾಲಕ್ಕಿಂತ ಇದು ನೂರು ಪಾಲು ಮೇಲು. ಆದರೆ ಕಂಪನಿಯದೇ ಆದ ಗುಪ್ತ ಕೋಡುಗಳು ಆ ಸ್ಕ್ಯಾನರಿಗೆ ಬಾಯಿ ಬಿಡುವುದಿಲ್ಲ. ಕೆಲವು ಕಾರುಗಳಲ್ಲಿ ಇಂಧನ ಚಿಮ್ಮಿಸುವ ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೈಮೇಲಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಊಡಿಸಬೇಕು, ಅದಕ್ಕೆ ಕಂಪನಿಯ ಸಾಫ್ಟ್‌ವೇರ್ ಬೇಕು. ಕೈಯಲ್ಲಿ ಕೆಲಸ ಇದೆ, ತಲೆಯಲ್ಲಿ ತಿಳಿವಳಿಕೆ ಇದೆ, ಬೀಗದ ಕೈ ಮಾತ್ರ ಇನ್ನೊಬ್ಬರ ಜೇಬಿನಲ್ಲಿದೆ. ಬಿಡಿಭಾಗಗಳನ್ನೂ ರಿಪೇರಿ ಕೈಪಿಡಿಗಳನ್ನೂ ಇಂಥ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಒಂದನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್‌ಗಳ ಜೊತೆಗೆ ವಾಹನಗಳೂ ಅದರ ಪಟ್ಟಿಯಲ್ಲಿವೆ. ಪೋರ್ಟಲ್ಲಿನಿಂದ ನನ್ನ ವಿದ್ಯಾರ್ಥಿಯ ಸ್ಕ್ಯಾನರಿಗೆ ಇನ್ನೂ ಮಾತು ಬಂದಿಲ್ಲ.

ಬ್ರೇಕು, ಏರ್‌ಬ್ಯಾಗುಗಳಂಥ ಜೀವಕ್ಕೆ ಸಂಬಂಧಿಸಿದ ಭಾಗಗಳನ್ನು ಕಂಡಕಂಡವರು ಬಿಚ್ಚಬಾರದು ಎಂದು ಕಂಪನಿಗಳು ಹೇಳುವುದನ್ನು ನಾನು ಒಪ್ಪುತ್ತೇನೆ. ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಅರಳುವ ವಸ್ತುವಿನ ಮುಂದೆ ಸ್ಪಾನರ್ ಹಿಡಿದು ಕೂರುವುದು ಹುಡುಗಾಟವಲ್ಲ. ಆದರೆ ಹೆಡ್‌ಲೈಟಿನ ರಬ್ಬರಿಗೂ ಏರ್‌ಬ್ಯಾಗಿಗೂ ಒಂದೇ ಬೀಗ ಹಾಕಿ, ಎರಡಕ್ಕೂ ಸುರಕ್ಷತೆಯ ಹೆಸರು ಹೇಳುವುದು ನ್ಯಾಯವಲ್ಲ. ಗಟ್ಟಿತನದ ಬಗ್ಗೆ ಕಳವಳಪಡುವ ಓದುಗರು ತಗಡಿನ ದಪ್ಪದ ಮೇಲೆ ಹಾಕುವ ಸಿಟ್ಟನ್ನು ಈ ಕಡೆಗೆ ತಿರುಗಿಸಿದರೆ ಕಂಪನಿಗಳು ಉತ್ತರ ಕೊಡಬೇಕಾಗುತ್ತದೆ.

ತಮ್ಮಲ್ಲಿಯೂ ಒಂದು ಕೋರಿಕೆ. ಪತ್ರಿಕೆಯ ವಾಹನ ಪುಟದಲ್ಲಿ ಪ್ರತಿ ಹೊಸ ಕಾರಿನ ಬಗ್ಗೆ ಬರೆಯುವಾಗ ಸನ್‌ರೂಫಿನ ಉದ್ದಗಲ, ಪರದೆಯ ಇಂಚುಗಳು, ಸೀಟಿನ ಹೊಲಿಗೆಯ ಬಣ್ಣ ಎಲ್ಲವೂ ಬರುತ್ತವೆ. ಅದರ ಪಕ್ಕದಲ್ಲಿ ಭಾರತ್ ಎನ್‌ಕ್ಯಾಪ್‌ನ ಅಂಕವನ್ನೂ ಗೂಡು ಸ್ಥಿರವೋ ಅಲ್ಲವೋ ಎಂಬುದನ್ನೂ ಕೊಡಿ. ಅದರ ಕೆಳಗೆ ನಾಲ್ಕು ಬೆಲೆಗಳು ಇರಲಿ: ಒಂದು ಹೆಡ್‌ಲೈಟ್, ಮುಂದಿನ ಗಾಜು, ಮುಂದಿನ ಬಂಪರ್, ಕ್ಲಚ್. ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗಿಗೆ ಬೆಲ್ಟೋ ಚೈನೋ, ಬೆಲ್ಟಾದರೆ ಎಷ್ಟು ಕಿಲೊಮೀಟರಿಗೆ ಬದಲಿಸಬೇಕು, ಸ್ಟೆಪ್ನಿ ಕೊಡುತ್ತಾರೋ ಪಂಕ್ಚರ್ ಕಿಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೋ ಎಂಬ ಎರಡು ಸಾಲೂ ಜೊತೆಗಿರಲಿ. ಕಂಪನಿ ಬೆಲೆ ಹೇಳದಿದ್ದರೆ ‘ಹೇಳಲಿಲ್ಲ’ ಎಂದೇ ಅಚ್ಚು ಹಾಕಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ,
ಹಾಸನ